ಮೊಣಕಾಲೆತ್ತರದ ಕಿಂಡಿ

ರಾಮದಾಸಪೇಠ್, ನಾಗಪುರ
೧೨ ನವೆಂಬರ್ ೨೦೨೪

ಗದಗಿನಲ್ಲಿ ತಮ್ಮ ಶಂಭುವಿನ ಮನೆಯ ಮಾಳಿಗೆ ಕೋಣೆ ಹಿಡಿದು ಕೂತವರಿಗೆ, ನಿಮ್ಮ ಹೆಂಡತಿ ಸಾವಿತ್ರಿಯ ನಮಸ್ಕಾರ.

ಅಕ್ಷರ ನೋಡಿಯೇ ಸಿಟ್ಟು ಬಂದಿರುತ್ತದೆ. ಬರಲಿ. ನಿಮ್ಮ ಮೂಗಿನ ತುದಿಯ ಸಿಟ್ಟನ್ನು ನಲವತ್ತೆರಡು ವರ್ಷ ಕಂಡವಳು ನಾನು. ಕಾಗದ ಮಾತ್ರ ಹರಿಯಬೇಡಿ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಟ್ಟುಬಿಡುತ್ತೀರಿ. ಬರೆದದ್ದನ್ನಾದರೆ ಕೊನೆಯವರೆಗೆ ಓದುತ್ತೀರಿ, ರೈಲ್ವೆ ಆಫೀಸಿನಲ್ಲಿ ಫೈಲು ಓದಿ ಓದಿ ರೂಢಿಯಾಗಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ತಿಂಗಳು ನಾನು ಊರಾಚೆ ವಾಡಿಯ ಲಾರಿ ಆಫೀಸಿಗೆ ಹೋದದ್ದು ನಿಮ್ಮ ಟ್ರಂಕನ್ನು ಲಾರಿಗೆ ಹಾಕಿ ಗದಗಿಗೆ ಕಳಿಸಲಿಕ್ಕೆ. ನಿಮ್ಮ ಧೋತರ, ಉಣ್ಣೆಯ ಕೋಟು, ಮಾವನವರ ಸುತ್ತಿಗೆ, ಎಲ್ಲ ತುಂಬಿ ಕೀಲಿ ಹಾಕಿದ್ದೆ. ನಾಲ್ಕು ದಿನಕ್ಕೆಂದು ಹೋದವರು ಆರು ವರ್ಷವಾದರೂ ಬರಲಿಲ್ಲ, ಇನ್ನು ಅವರ ಸಾಮಾನು ಈ ಮನೆಯಲ್ಲಿ ಯಾಕಿರಬೇಕು, ಮುಗಿಯಿತು ಅಂದುಕೊಂಡಿದ್ದೆ. ಮಗಳು ಅಮಿತಾಳಿಗೂ ಹೇಳಿರಲಿಲ್ಲ.

ಲಾರಿ ಬಂದಿರಲಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತ ಪವನ್ ಒಳ್ಳೆಯ ಹುಡುಗ. ಬಿಸಿಲಿನಲ್ಲಿ ನಿಲ್ಲಬೇಡಿ ಕಾಕು ಎಂದು ಅಂಗಳದ ಮೂಲೆ ತೋರಿಸಿದ. ಅಲ್ಲಿ ಗಾಲಿ ಕಳಚಿ ಇಟ್ಟಿಗೆಯ ಮೇಲೆ ಕೂರಿಸಿದ ಒಂದು ಹಳೆಯ ರೈಲು ಡಬ್ಬಿ. ಹಗ್ಗ, ತಾಡಪತ್ರಿ ಇಡಲಿಕ್ಕೆ ಇಟ್ಟುಕೊಂಡಿದ್ದರು. ಒಳಗೆ ಕತ್ತಲೆ, ತಂಪು. ಕೂರಲಿಕ್ಕೆ ಏನೂ ಇಲ್ಲದೆ ಮಡಿಸಿದ ತಾಡಪತ್ರಿಯ ಮೇಲೆ ಕಾಲು ಚಾಚಿದೆ. ಕೂತ ಮೇಲೆ ನೋಡುತ್ತೇನೆ, ಮಡಿಲಲ್ಲಿ ಒಂದು ಪಟ್ಟಿ ಬೆಳಕು. ಗೋಡೆಯಲ್ಲಿ ಒಂದು ಕಿಂಡಿ, ನಾಲ್ಕು ಬೆರಳೆತ್ತರ, ಒಂದು ಮೊಳ ಅಗಲ. ತುಸು ಬಾಗಿ ಕೂತರೆ ಕಣ್ಣಿಗೆ ಸರಿಯಾಗಿತ್ತು. ಎದ್ದು ನಿಂತೆ, ಮೊಣಕಾಲಿಗೆ ಬಂತು.

ಅಯ್ಯ ಶಿವನೇ ಎಂದು ಮತ್ತೆ ಅಲ್ಲೇ ಕೂತುಬಿಟ್ಟೆ.

ನಿಮಗೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಮಾವನವರು ಇದನ್ನು ಹೇಳುವಾಗಲೆಲ್ಲ ನಾನು ಮೆಂತ್ಯಪಲ್ಲೆ ಸೋಸುತ್ತ ಅರ್ಧ ಕಿವಿಯಲ್ಲಿ ಕೇಳಿದವಳು. ಈಗ ಒಮ್ಮೆ ಪೂರ್ತಿ ನಾನೇ ಹೇಳಿ ನೋಡುತ್ತೇನೆ. ಜಪಾನಿನವರು ಬರ್ಮಾಕ್ಕೆ ಬಂದ ವರ್ಷ ಇಲ್ಲಿಯ ರೈಲ್ವೆ ಕಾರ್ಖಾನೆಗೆ ಹುಕುಂ ಬಂತು, ಯುದ್ಧಕ್ಕೆ ಒಂದು ಉಕ್ಕಿನ ರೈಲು ಬೇಕು ಎಂದು. ಅಂಥದ್ದನ್ನು ಅಲ್ಲಿ ಒಬ್ಬನೂ ಕಣ್ಣಿಂದ ಕಂಡಿರಲಿಲ್ಲ. ಸಾಹೇಬ ಕಾಗದದ ಮೇಲೆ ಗೀಚಿದ್ದನ್ನು ನೋಡಿಕೊಂಡು, ಬೇಳೆ ಸಕ್ಕರೆ ಹೊರುತ್ತಿದ್ದ ಮಾಲುಡಬ್ಬಿಗಳಿಗೇ ದಪ್ಪ ತಗಡು ಹೊಡೆದರು. ಎರಡು ಗೋಡೆಗಳ ನಡುವೆ ಮರಳು ತುಂಬಿದರು. ಎಂಜಿನ್ನಿಗೂ ಉಕ್ಕಿನ ಅಂಗಿ ತೊಡಿಸಿದರು. ಎಪ್ಪತ್ತು ದಿನದ ಕೆಲಸ. ಗದಗಿನಿಂದ ಹೊಸದಾಗಿ ಬಂದಿದ್ದ ಇಪ್ಪತ್ತನಾಲ್ಕು ವರ್ಷದ ಗುರುಶಾಂತಪ್ಪ, ನನ್ನ ಮಾವ, ತಗಡು ಕತ್ತರಿಸಿ ನಂಬರು ಬರೆಯುತ್ತಿದ್ದರು. ಸಾವನೇರಿನ ಕಾಶೀನಾಥ ಆ ನಂಬರು ನೋಡಿ ತಗಡು ಕೂರಿಸಿ ಕೆಂಪಗೆ ಕಾದ ರಿವೆಟ್ ಹೊಡೆಯುತ್ತಿದ್ದ.

ಮಾವನವರಿಗೆ ಶಾಲೆಯಲ್ಲಿ ಕಲಿತ ಕನ್ನಡ ಅಂಕಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಇಪ್ಪತ್ತನೇ ತಗಡು ಕೆಳಗಿನದು, ಕಿಂಡಿ ಇಲ್ಲ. ಇಪ್ಪತ್ತೊಂದನೆಯದು ಮೇಲಿನದು, ಬಂದೂಕಿನ ಕಿಂಡಿ ಇರುವಂಥದ್ದು. ನಮ್ಮ ಒಂದು, ಕೆಳಗೆ ತುಸು ಬಾಯಿ ಬಿಟ್ಟ ಸೊನ್ನೆಯ ಹಾಗೆ ಇರುತ್ತದಲ್ಲ! ಮರಾಠಿ ಓದಿದ ಕಾಶೀನಾಥನಿಗೆ ೨೦ ಕೂಡ ಇಪ್ಪತ್ತೇ, ೨೧ ಕೂಡ ಇಪ್ಪತ್ತೇ. ಎರಡೂ ಒಂದೇ ಎಂದು ಕೈಗೆ ಸಿಕ್ಕಿದ್ದನ್ನು ಕೆಳಗೆ ಹಚ್ಚಿದ. ಗೊತ್ತಾಗುವಷ್ಟರಲ್ಲಿ ರಿವೆಟ್ ಆರಿತ್ತು, ಮರುದಿನ ರೈಲು ಹೊರಡಬೇಕಿತ್ತು. ಸಾಹೇಬ ಹಣೆ ಚಚ್ಚಿಕೊಂಡು ಹಾಗೇ ಬಿಟ್ಟ.

ರೈಲು ಬಂಗಾಳದ ಕಡೆ ಹೋಯಿತು. ತಿರುಗಿ ಬಂದ ಒಬ್ಬ ಸಿಪಾಯಿ ಕಾರ್ಖಾನೆಯವರಿಗೆ ಹೇಳಿದನಂತೆ, ಇಡೀ ಗಾಡಿಯಲ್ಲಿ ಎಲ್ಲರೂ ಜಗಳಾಡುತ್ತಿದ್ದದ್ದು ಆ ಕೆಳಗಿನ ಕಿಂಡಿಗೇ ಎಂದು. ಗಂಟಿನ ಮೇಲೆ ತಲೆ ಇಟ್ಟು ಮಲಗಿದರೆ ಭತ್ತದ ಗದ್ದೆ, ಕೆರೆ, ಎಮ್ಮೆ ಎಲ್ಲ ಮುಖದ ಮುಂದೆಯೇ ತೇಲಿ ಹೋಗುತ್ತಿದ್ದವಂತೆ. ಕಥೆ ಇಲ್ಲಿಗೆ ಬಂದಾಗ ಮಾವನವರು ನಗುತ್ತಿದ್ದರು. "ನಮ್ಮ ಗಾಡಿ ಒಂದ ಗುಂಡೂ ಹಾರಿಸಲಿಲ್ಲವಾ ಸಾವಿತ್ರಿ, ಮಂದಿಗಿ ನಿದ್ದಿ ಮಾಡಿಸಿ ಬಂತು" ಅನ್ನುತ್ತಿದ್ದರು.

ಇದೇ ಕಥೆಯನ್ನು ನೀವು ಆರು ವರ್ಷದ ಹಿಂದೆ ಅಮಿತಾಳ ಅತ್ತೆಮನೆಯವರ ಮುಂದೆ ಹೇಳಿದಿರಿ. ನಾನು ಹೋಳಿಗೆ ಬಡಿಸುತ್ತ ಬಾಯಿ ಬಿಟ್ಟೆ. "ಮೊಣಕಾಲಿಗೆ ಕಿಡಕಿ ಇಡೋ ಶಾಣ್ಯಾ ಯಾರದಾನ್ರಿ? ನಿಮ್ಮಪ್ಪ ಹೇಳಿದ್ದೂ ಸುಳ್ಳು, ನೀವು ಹೇಳೂದೂ ಸುಳ್ಳು!" ಅಂದೆ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಿಮ್ಮ ಮುಖ ಸಣ್ಣದಾದದ್ದನ್ನು ಕಂಡೆ. ಕಂಡೂ ಇನ್ನೊಮ್ಮೆ ನಕ್ಕೆ. ಅದೇ ವಾರ ನೀವು ಗದಗಿನ ಗಾಡಿ ಹತ್ತಿದಿರಿ.

ಡಬ್ಬಿಯ ಗೋಡೆಗೆ ಎಷ್ಟು ಸಲ ಬಣ್ಣ ಬಳಿದಿದ್ದರೋ. ಟ್ರಂಕಿನ ಕೀಲಿಯಿಂದಲೇ ಕಿಂಡಿಯ ಮೂಲೆಯನ್ನು ಕೆರೆದೆ. ಕಂದು ಬಣ್ಣ, ಹಸಿರು, ಮತ್ತೆ ಕಂದು, ಅದರ ಕೆಳಗೆ ಬಿಳಿ ಅಂಕಿ. ಪವನ್ ಏನು ಹುಡುಕುತ್ತೀರಿ ಎಂದು ಬಂದ. ಇದೇನು ಬರೆದಿದೆ ಓದಪ್ಪ ಎಂದೆ. ಬಗ್ಗಿ ನೋಡಿದ. "ವೀಸ್ ಆಹೇ, ಕಾಕು" ಅಂದ. ಇಪ್ಪತ್ತು ಅಂತೆ! ಎಂಬತ್ತು ವರ್ಷದ ಮೇಲೆ ಅದೇ ತಪ್ಪು. ಅಲ್ಲಿ ಬರೆದದ್ದು ೨೧, ರೀ. ಮಾವನವರ ಕೈಬರಹ. ಎರಡರ ಬಾಲ ಉದ್ದಕ್ಕೆ ಎಳೆಯುತ್ತಿದ್ದರಲ್ಲ, ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ, ಹಾಗೆಯೇ. ಹುಡುಗನ ಮುಂದೆ ಅತ್ತುಬಿಟ್ಟೆ. ಪಾಪ, ಅವನು ಹೆದರಿ ನೀರು ತಂದ.

ಆಮೇಲೆ ಒಬ್ಬಳೇ ಕೂತೆ. ಅಮರಾವತಿ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಕಿಂಡಿಯಲ್ಲಿ ನೋಡುತ್ತ ನೋಡುತ್ತ ಲಾರಿ ನಿಂತು ಡಬ್ಬಿಯೇ ಹೊರಟಂತಾಯಿತು. ನೆಲ ಸಣ್ಣಗೆ ತೂಗುತ್ತಿತ್ತು. ಗೋದಾಮುಗಳು ಹೋದವು, ಹತ್ತಿ ಹೊಲ ಬಂತು, ಬೆಳ್ಳಕ್ಕಿ ಕೂತ ಕೆರೆ ಬಂತು. ಪಕ್ಕದಲ್ಲಿ ಮಾವನವರು ಮಂಡಿ ಮಡಚಿ ಕೂತಿದ್ದರು, ಕಿವಿಯ ಹಿಂದೆ ಬ್ರಷ್ಷು, ಇನ್ನೂ ಮೀಸೆ ಕಪ್ಪು. ಆಚೆ ಬದಿಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದರು, ನಿಮಗೆಂದು. ನಿದ್ದೆ ಬಂದಿತ್ತೋ ಏನೋ, ಲಾರಿ ಬಂತು ಕಾಕು ಎಂದು ಪವನ್ ಕರೆದಾಗ ಎಚ್ಚರಾಯಿತು. ಟ್ರಂಕನ್ನು ಕಳಿಸಲಿಲ್ಲ. ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ.

ನೀವು ಸುಳ್ಳು ಹೇಳಿರಲಿಲ್ಲ. ಮಾವನವರೂ ಹೇಳಿರಲಿಲ್ಲ. ನಾಲ್ಕು ಮಂದಿಯ ಮುಂದೆ ನಿಮ್ಮನ್ನು ಸಣ್ಣವರನ್ನಾಗಿ ಮಾಡಿದೆ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ. ನೀವಿಲ್ಲದ ಮನೆಯಲ್ಲಿ ನನಗೆ ಜಗಳಕ್ಕೂ ಯಾರಿಲ್ಲ. ಚಹಾಕ್ಕೆ ಇವತ್ತಿಗೂ ಎರಡು ಕಪ್ಪಿನ ನೀರು ಇಟ್ಟು ಒಂದನ್ನು ಚೆಲ್ಲುತ್ತೇನೆ.

ಬರುವ ತಿಂಗಳ ಮೊದಲ ಸೋಮವಾರ ಆ ಡಬ್ಬಿಯನ್ನು ಗ್ಯಾಸಿನಿಂದ ಕತ್ತರಿಸಿ ಮೋಡಕಾ ಗುಜರಿಗೆ ಹಾಕುತ್ತಾರಂತೆ, ಅಲ್ಲಿ ಹೊಸ ಗೋದಾಮು ಏಳುತ್ತದೆ. ಅದಕ್ಕೆ ಮೊದಲು ಬನ್ನಿ. ನಿಮ್ಮ ಅಪ್ಪನ ಕೆಲಸವನ್ನು ಒಮ್ಮೆ ಕೂತು ನೋಡಿ. ಜಲ್ದಿ ಬನ್ನಿ.

ನಿಮ್ಮ,
ಸಾವಿತ್ರಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿಮ್ಮನ್ನು ಸುಳ್ಳರು ಅಂದವಳೇ ಸುಳ್ಳು ಬರೆದು ಕಳಿಸಬಾರದು. ಡಬ್ಬಿಯನ್ನು ಹೋದ ಗುರುವಾರವೇ ಕತ್ತರಿಸಿಬಿಟ್ಟರು. ನಾನು ಹೋಗುವಷ್ಟರಲ್ಲಿ ಅರ್ಧ ಹೋಗಿತ್ತು. ಕಿಂಡಿಯಿದ್ದ ತುಂಡನ್ನು, ೨೧ ಸಮೇತ, ಬೇಡಿಕೊಂಡು ತಂದಿದ್ದೇನೆ. ನಾಲ್ಕು ಮಂದಿ ಹಮಾಲರು ಹೊತ್ತರು. ಬಾಲ್ಕನಿಯ ಗೋಡೆಗೆ ಒರಗಿಸಿ ಮುಂದೆ ಎರಡು ಮಣೆ ಹಾಕಿದ್ದೇನೆ. ಡಬ್ಬಿ ಇದೆ ಅಂದರೆ ನೀವು ಬರುತ್ತಿದ್ದಿರಿ. ನಾನಿದ್ದೇನೆ ಅಂದರೆ ಬರುತ್ತೀರೋ ಇಲ್ಲವೋ ಎಂದು ಹೆದರಿ ಹಾಗೆ ಬರೆದೆ. ನಿಮ್ಮ ಟ್ರಂಕು ಇನ್ನೂ ಬಾಗಿಲ ಹತ್ತಿರವೇ ಇದೆ. ಒಳಗೆ ಎಳೆಯಲೋ, ಗದಗಿಗೆ ಕಳಿಸಲೋ, ಬಂದು ಹೇಳಿ.