ತಲೆ ಆರು, ಒಲೆ ಎರಡು

೮ ಜನವರಿ ೨೦೨೫, ಬುಧವಾರ. ಅಕ್ಕೋಳ

ಲಕ್ಕವ್ವ, ನಿನ್ನ ಮೊಣಕಾಲು ಹೇಗಿದೆ? ನಿನ್ನ ಹಿರಿಯ ಮಗ ಅಮಿತನ ಶುಗರ್ ಇಳಿಯಿತೇ? ಕಿರಿಯವ ಸಂಜಯ ಅಂಗಡಿಗೆ ದಿನಾ ಹೋಗುತ್ತಾನೋ, ಇನ್ನೂ ಬೆನ್ನುನೋವೋ? ಎಮ್ಮೆ ಈದಿರಬೇಕು. ಗಿಣ್ಣದ ಹಾಲು ನೆನಪಾಯಿತು.

ಅಥಣಿಯಲ್ಲಿರುವ ತಂಗಿ ನಿನಗೆ ಬರೆದ ಹಾಗೆ ಬರೆಯದಿದ್ದರೆ ಡೈರಿಯಲ್ಲಿ ನನ್ನ ಕೈ ಓಡುವುದಿಲ್ಲ. ಟಪಾಲಿಗೆ ಹಾಕುವುದಿಲ್ಲ. ಫೋನಿನಲ್ಲಿ ಹೇಳಿದರೆ ಮನೆಯವರೆಲ್ಲ ಕೇಳುತ್ತಾರೆ. ಮಕ್ಕಳ ಪಾಟಿ ನೋಡಿ ಕಲಿತ ಅಕ್ಷರ ನನ್ನದು, ನಿನ್ನೊಬ್ಬಳನ್ನು ಬಿಟ್ಟರೆ ಯಾರಿಗೂ ಓದಲು ಬರುವುದಿಲ್ಲ — ಅದೇ ಒಳ್ಳೆಯದು.

ಇವತ್ತು ಹಿರಿಯ ಮಗ ಗುರಪ್ಪ ಕಬ್ಬು ಕಡಿಯುವವನೊಬ್ಬನ ಕಪಾಳಕ್ಕೆ ಹೊಡೆದ. ಟ್ರ್ಯಾಕ್ಟರ್ ತುಂಬುವುದು ತಡವಾಯಿತಂತೆ. ತುಟಿ ಒಡೆದು ರಕ್ತ. ಅರಿಶಿನ ನಾನೇ ಹಚ್ಚಿದೆ.

ಕಿರಿಯವ ಸಿದ್ದಲಿಂಗ ಅಂದ: "ಅಣ್ಣಾ, ಕೈ ಸ್ವಲ್ಪ ಕಮ್ಮಿ ಮಾಡು."

"ನೀ ಬಾಯಿ ಕಮ್ಮಿ ಮಾಡು."

ಮಧ್ಯಾಹ್ನ ಇಬ್ಬರೂ ಹಿರಿಯ ಸೊಸೆ ಬಡಿದ ಒಂದೇ ಬುಟ್ಟಿಯ ರೊಟ್ಟಿ ಉಂಡರು. ನನಗೆ ಅಷ್ಟು ಸಾಕು.

ಸಿದ್ದಲಿಂಗನ ಹೆಂಡತಿ ಸೀಮಾಳ ಕೆಮ್ಮು ಇಳಿದಿದೆ. ಟಿ.ಬಿ.ಗೆ ಗುಳಿಗೆ ನಡೆದಿದೆ, ಜೊತೆಗೆ ದಿನಾ ಕೋಳಿಯ ತತ್ತಿ ತಿನ್ನಬೇಕು ಅಂತ ನಿಪ್ಪಾಣಿ ಡಾಕ್ಟರ್ ಹೇಳಿದ್ದಾರೆ. ಕೊರಳಲ್ಲಿ ಲಿಂಗ ಕಟ್ಟಿದ ಮನೆ ನಮ್ಮದು. ಕೆಳಗಿನ ಒಲೆಗೆ ತತ್ತಿ ಮುಟ್ಟಿಸುವ ಹಾಗಿಲ್ಲ. ಮೇಲೆ ಅವಳ ಕೋಣೆಯಲ್ಲಿ ಸಣ್ಣದೊಂದು ಗ್ಯಾಸ್ ಒಲೆ ಇಡಿಸಿದೆ. ಸಿಪ್ಪೆ ನಾನೇ ತಿಪ್ಪೆಯಲ್ಲಿ ಮುಚ್ಚಿ ಬರುತ್ತೇನೆ. ತಮ್ಮನ ಹೆಂಡತಿಯ ಕೋಣೆಗೆ ಭಾವನಾದವ ಕಾಲಿಡುವುದಿಲ್ಲ. ಹಾಗಾಗಿ ಗುರಪ್ಪನಿಗೆ ಗೊತ್ತಿಲ್ಲ. ಅವನು ಮಠದ ಕಮಿಟಿಯವ. ಗೊತ್ತಾಗಬಾರದು.

೧೨ ಜನವರಿ, ರವಿವಾರ

ಮೊಮ್ಮಗಳು ಸೌಂದರ್ಯಾಳ ಕಾಲೇಜಿನ ಹುಡುಗರು ಬಂದಿದ್ದರು. ಗುರಪ್ಪನ ಮಗಳು ಇವಳು, ನಿಪ್ಪಾಣಿಯಲ್ಲಿ ಬಿ.ಎ. ಪ್ರಾಜೆಕ್ಟಂತೆ. ನಮ್ಮ ಗಲ್ಲಿಯ ಮನೆಗಳು ಯಾರ ಹೆಸರಿಗಿವೆ, ಜಾಗ ಎಷ್ಟು, ಅದರಲ್ಲಿ ಜನ ಎಷ್ಟು — ಎಲ್ಲ ಕೂಡಿಸಿ ನಕ್ಷೆ ಮಾಡುತ್ತಾರಂತೆ. ತಮ್ಮ ಮನೆ ತಾವೇ ಎಣಿಸಬಾರದು ಅಂತ ಸರ್ ಹೇಳಿದ್ದಾರೆ. ನಮ್ಮ ಮನೆಗೆ ಜುನೇದ ಬಂದ, ನಿಪ್ಪಾಣಿಯ ಟೇಲರ್ ಬಾಬುಸಾಬನ ಮೊಮ್ಮಗ. ಚಪ್ಪಲಿ ಹೊರಗೇ ಬಿಟ್ಟು ಕೂತ. ಒಳ್ಳೆಯ ಹುಡುಗ.

"ಮನಿ ಯಾರ ಹೆಸರಿಗೆ ಐತ್ರಿ ಆಯಿ?"

"ನಮ್ಮ ಯಜಮಾನ್ರ ಹೆಸರಿಗೆ. ಅವ್ರು ಮಣ್ಣಾಗಿ ಭಾಳ ವರ್ಷ ಆತು. ಉತಾರದಾಗ ಇನ್ನೂ ಜೀವಂತ ಅದಾರ ನೋಡಪಾ."

ನಕ್ಕ. "ತಲಿ ಎಷ್ಟ್ರಿ?"

"ಆರು. ನಂದೂ ತಲಿ ಅಂತ ಹಿಡದ್ರ."

"ಒಲಿ ಎಷ್ಟ್ರಿ?"

ಗ್ಯಾಸಿನವರು ಬಂದಾಗಲೂ ಹೀಗೇ ಕೇಳುತ್ತಾರೆ. ಅವನ ಮುಂದೆ ಮುಚ್ಚುವುದೇನು. "ಎರಡು" ಅಂದೆ.

ಚಹಾ ಕುಡಿದು ಹೋದ.

೧೪ ಜನವರಿ, ಸಂಕ್ರಮಣ

ಹಬ್ಬದ ದಿನವೂ ಬಿಡಲಿಲ್ಲ. ಮನೆಯ ಹಕ್ಕಿನ ಕಾಗದ, ಉತಾರದಲ್ಲಿ ಇಬ್ಬರ ಹೆಸರೂ ಏರಿಸೋಣ ಅಂತ ಸಿದ್ದಲಿಂಗ ಮೆಲ್ಲಗೇ ಕೇಳಿದ. ಪಾಲು ಕೇಳಲಿಲ್ಲ, ಹೆಸರು ಕೇಳಿದ. ಗುರಪ್ಪ ಕೈಯಲ್ಲಿದ್ದ ತಾಟನ್ನೇ ಬೀಸಿ ಒಗೆದ. ಅಂಚು ಸಿದ್ದಲಿಂಗನ ಹುಬ್ಬಿಗೆ ತಾಗಿ ಕಣ್ಣೆಲ್ಲ ಕೆಂಪು. ಕುಸುರೆಳ್ಳು ನೆಲದ ತುಂಬ.

"ನಾ ಇರೂ ಮಟಾ ಈ ಮನಿ ಒಂದ. ತಿಳೀತ?"

ಸಿದ್ದಲಿಂಗ ರಕ್ತ ಒರೆಸಿಕೊಂಡು ಅಂದ: "ತಿಳೀತು. ಹೊಲಿಗಿ ಬೀಳೂ ಹಂಗ ತಿಳೀತು."

ಅವನು ಹಾಗೆಯೇ, ಏಟು ತಿಂದು ಹಾಸ್ಯ ಮಾಡುವವ. ಅದಕ್ಕೇ ಅಣ್ಣನಿಗೆ ಇನ್ನೂ ಉರಿ.

೨೬ ಜನವರಿ, ರವಿವಾರ. ಸಂಜೆ

ಝೇಂಡಾ ಏರಿಸಿದ ಮೇಲೆ ಶಾಲೆಯ ಗೋಡೆಗೆ ಹುಡುಗರು ನಕ್ಷೆ ಹಚ್ಚಿದರು. ಗಲ್ಲಿಯೆಲ್ಲ ನೋಡಲು ಹೋಯಿತು. ನಾನೂ ಹೋದೆ. ಒಂದು ಕುಟುಂಬದ ಮನೆ ಹಳದಿ. ಒಡೆದ ಮನೆ ಕೆಂಪು, ನಡುವೆ ಗೆರೆ. ನಮ್ಮ ಮನೆ ಕೆಂಪು. ನಡುವೆ ಗೆರೆ.

ಒಂದು ಒಲೆಯ ಮೇಲೆ ಉಂಡವರು ಒಂದು ಕುಟುಂಬ — ಜನಗಣತಿಯಲ್ಲಿ ಹಾಗಂತೆ. ಆ ಹುಡುಗನಿಗೆ ಎರಡು ಒಲೆ ಅಂದರೆ ಎರಡು ಕುಟುಂಬ. ನಾನು ಹೇಳಿದ್ದು ಗ್ಯಾಸಿನ ಒಲೆ, ಅವನು ಬರೆದದ್ದು ಮನೆಯ ಒಲೆ. ನಮ್ಮೂರಲ್ಲಿ ಒಲೆ ಎರಡಾಯಿತು ಅಂದರೆ ಇನ್ನೇನು ಅರ್ಥ, ನೀನೇ ಹೇಳು.

"ಏನ್ರಿ ಗುರಪ್ಪಣ್ಣಾ, ಬ್ಯಾರಿ ಆದ್ರಿ, ನಮಗ ಒಂದ್ ಚಹಾನೂ ಇಲ್ಲ?" ಯಾರೋ ಅಂದರು.

ಗುರಪ್ಪ ಎಲ್ಲರ ಮುಂದೆ ಸೌಂದರ್ಯಾಳ ಕೆನ್ನೆಗೆ ಹೊಡೆದ. ಝುಮಕಿ ಕಿತ್ತು ಬಂತು, ಕಿವಿಯೂ ಹರಿಯಿತು.

"ಯಾರು ಬರದವ್ರು?"

"ಜುನೇದ. ಆಯಿ ಹೇಳಿದ್ದನ್ನ ಬರದಾನಪ್ಪಾ."

ಆಯಿ ಅನ್ನುವುದು ಅವನ ಕಿವಿಗೆ ಬೀಳಲಿಲ್ಲ. ಜುನೇದ ಅನ್ನುವುದಷ್ಟೇ ಬಿತ್ತು. ನಾನು ಕೂಗುತ್ತ ಹಿಂದೆ ಹೋದೆ, ಜನ ಅಡ್ಡ. ಬಸ್ ಸ್ಟ್ಯಾಂಡಿನಲ್ಲಿ ಗುರಪ್ಪನೂ ಕಮಿಟಿಯ ಇಬ್ಬರೂ ಅವನನ್ನು ಕೆಡವಿ ಬೂಟುಗಾಲಿನಿಂದ ತುಳಿದರಂತೆ. ದವಡೆ ಮುರಿದಿದೆ. "ನಮ್ಮ ಮನಿ ಒಡ್ಯಾಕ ಕಳಿಸ್ಯಾರೇನಲೇ ನಿನ್ನ?" ಅನ್ನುತ್ತ ತುಳಿದರಂತೆ. ಬಿಡಿಸಿಕೊಂಡು ಬಂದವ ಸಿದ್ದಲಿಂಗ. ಬೈಕಿನ ಹಿಂದೆ ಕೂರಿಸಿ, ತನ್ನ ಟವೆಲ್ಲಿನಿಂದ ದವಡೆ ಕಟ್ಟಿ, ನಿಪ್ಪಾಣಿಗೆ ಮುಟ್ಟಿಸಿ ಬಂದಿದ್ದಾನೆ. ಅಂಗಿಯ ತುಂಬ ಆ ಹುಡುಗನ ರಕ್ತ.

ಬಂದವನೇ ಅಂಗಳದಲ್ಲಿ ನಿಂತ. "ಅಣ್ಣಾ, ನಕ್ಷಾದಾಗ ಗೆರಿ ಎಳದಾರಲ್ಲ. ಅದ ಖರೆ ಆಗ್ಲಿ. ನನ್ನ ಪಾಲು ಕೊಡು."

ಇಂಥ ದನಿ ಅವನದು ನಾನು ಕೇಳಿರಲಿಲ್ಲ, ಲಕ್ಕವ್ವ. ಹಾಸ್ಯ ಇರಲಿಲ್ಲ ಅದರಲ್ಲಿ.

೨೭ ಜನವರಿ

ಸಿದ್ದಲಿಂಗನನ್ನು ಕೊಲ್ಲಾಪುರದ ದವಾಖಾನೆಗೆ ಒಯ್ದಿದ್ದಾರೆ. ಬರೆಯಲು ಆಗದು.

೧ ಫೆಬ್ರವರಿ, ಶನಿವಾರ

ಬರೆಯುತ್ತೇನೆ. ಇಲ್ಲದಿದ್ದರೆ ಮತ್ತೆ ಮತ್ತೆ ಕಾಣುತ್ತದೆ.

ಸೋಮವಾರ ಬೆಳಗ್ಗೆ. ಗುರಪ್ಪ ಕಬ್ಬು ಕಡಿಯುವ ಕೊಯ್ತಾ ಹಿಡಿದು ಮೆಟ್ಟಿಲು ಏರಿದ. ಸೀಮಾಳ ಕೋಣೆಯ ಹೊಸ್ತಿಲ ಮುಂದೆ ನಿಂತುಬಿಟ್ಟ. ಅಷ್ಟು ಸಿಟ್ಟಿನಲ್ಲೂ ಒಳಗೆ ಕಾಲಿಡಲಿಲ್ಲ. "ಆ ಒಲಿ ಹೊರಗ ತಾ" ಅಂದ. ಸಿದ್ದಲಿಂಗ ತಂದ. ಗುರಪ್ಪ ಅದನ್ನು ಕಸಿದು ಅಂಗಳಕ್ಕೆ ಎಸೆದ. ಗಾಜು ಪುಡಿ ಪುಡಿ. ಕೆಳಗಿಳಿದು ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತರು. ಗಲ್ಲಿಯೆಲ್ಲ ಬಾಗಿಲಲ್ಲಿ.

"ಎಂದಿನಿಂದ ಬ್ಯಾರಿ ಅಡಿಗಿ ನಡಸೀರಿ? ನನ್ನ ಬೆನ್ನ ಹಿಂದ?"

"ಬ್ಯಾರಿ ಅಡಿಗಿ ಅಲ್ಲೋ," ನಾನು ನಡುವೆ ಬಿದ್ದೆ. ಒಲೆಯ ನಿಜ ಹೇಳಿದರೆ ನಿಲ್ಲುತ್ತದೆ ಅಂದುಕೊಂಡೆ. "ಸೀಮಾಗ ತತ್ತಿ ಕುದಸಾಕ ಇಟ್ಟ ಒಲಿ ಅದು. ನಾನ ಇಡಿಸೇನಿ. ಎಲ್ಲಾರೂ ಒಂದ ಒಲಿ ಮ್ಯಾಲ ಉಣ್ತೇವಿ."

ಕೊಯ್ತಾ ಕೆಳಗಿಳಿಯಿತು, ನಾನು ನೋಡಿದೆ. ಆಮೇಲೆ ಬಾಗಿಲೊಂದರಿಂದ ಯಾರೋ ಅಂದರು — "ಮಠದ ಕಮಿಟಿ ಮನ್ಯಾಗ ಕೋಳಿ ಹೊಕ್ಕೈತಿ ನೋಡ್ರಿ." ಗಲ್ಲಿ ನಕ್ಕಿತು.

ಸಿದ್ದಲಿಂಗನೂ ನಕ್ಕ. ಅಣಕದ ನಗೆ ಅಲ್ಲ ಅದು. ಹಗುರಾದವನ ನಗೆ. "ಅಣ್ಣಾ, ಇಷ್ಟ ನೋಡು, ತತ್ತಿ ಸಲುವಾಗಿ..." ಅಂತ ಅಣ್ಣನ ಭುಜಕ್ಕೆ ಕೈ ಹಾಕಲು ಹೋದ.

ಮೊದಲ ಏಟು ಆ ಕೈಗೆ. ಎರಡನೆಯದು ಕುತ್ತಿಗೆಗೆ. ಕಬ್ಬಿನ ಗಣಿಕೆ ಕಡಿದ ಸಪ್ಪಳವೇ. ನನ್ನ ಸೀರೆ, ನನ್ನ ಬಾಯಿ, ಎಲ್ಲ ಬಿಸಿ. ನಾನು ಅಂಗೈಯಿಂದ ಒತ್ತಿ ಹಿಡಿದೆ, ಬೆರಳ ಸಂದಿಯಿಂದ ಬರುತ್ತಲೇ ಇತ್ತು. ಗುರಪ್ಪ ಕೊಯ್ತಾ ಬಿಟ್ಟು ಅಲ್ಲೇ ಕುಕ್ಕರಿಸಿದ. "ಅವ್ವಾ, ಅಂವ ಯಾಕ ನಕ್ಕ?" ಅಂತ ನನ್ನನ್ನೇ ಕೇಳಿದ. ಪೊಲೀಸರು ಎಬ್ಬಿಸುವವರೆಗೂ ಅದನ್ನೇ ಕೇಳಿದ.

೩ ಫೆಬ್ರವರಿ, ಸೋಮವಾರ

ಸಿದ್ದಲಿಂಗ ಹೋದ.

೫ ಫೆಬ್ರವರಿ

ನಿನ್ನೆ ಸಮಾಧಿಗೆ ಕೂರಿಸಿದರು. ಕುತ್ತಿಗೆಯ ಬಟ್ಟೆಯ ಮೇಲೆಯೇ ವಿಭೂತಿ ಹಚ್ಚಿದೆ. ನೀನು ನನ್ನ ಪಕ್ಕದಲ್ಲೇ ಇದ್ದೆ. ಬಾಬುಸಾಬ ಬಂದಿದ್ದ, ಜೊತೆಗೆ ದವಡೆಗೆ ತಂತಿ ಬಿಗಿಸಿಕೊಂಡ ಜುನೇದ. ಹುಡುಗ ಒಂದು ಹಿಡಿ ಮಣ್ಣು ಹಾಕಲು ಬಗ್ಗಿದಾಗ ಹಿಂದಿನಿಂದ ಕಲ್ಲು ಬಂತು. ಮೊದಲನೆಯದು ಅವನಿಗೆ. ಎರಡನೆಯದು ಬರುವಷ್ಟರಲ್ಲಿ ನಾನು ಅಡ್ಡ ನಿಂತಿದ್ದೆ. ನನ್ನ ಭುಜ ಇನ್ನೂ ಎತ್ತಲು ಬರುವುದಿಲ್ಲ. ಮಣ್ಣು ಹಾಕಿದ. ಹಾಕಿಸಿಯೇ ಕಳಿಸಿದೆ.

೧೬ ಫೆಬ್ರವರಿ, ರವಿವಾರ

ಲಕ್ಕವ್ವ, ಇದೊಂದನ್ನು ಹಾಳೆ ಕಿತ್ತು ಟಪಾಲಿಗೆ ಹಾಕುತ್ತೇನೆ.

ಸೌಂದರ್ಯಾ ಕಾಲೇಜಿಗೆ ಹೋಗುತ್ತಿದ್ದಾಳೆ, ಕಿವಿಗೆ ಪಟ್ಟಿ ಕಟ್ಟಿಕೊಂಡು. ನಕ್ಷೆಯಲ್ಲಿ ತಪ್ಪಿದ್ದರೆ ತಿದ್ದಿ ಕೊಡಿ ಅಂದಿದ್ದಾರಂತೆ ಸರ್. ಇವತ್ತು ಪೆನ್ಸಿಲ್ ಹಿಡಿದು ನನ್ನ ಮುಂದೆ ಕೂತಳು.

"ಆಯಿ, ತಲಿ ನಾಲ್ಕ ಅಂತ ಬರೀಲಿ? ಅಪ್ಪ ಜೇಲಿನ್ಯಾಗ ಅದಾನ."

"ಬರಿ."

"ಒಲಿ?"

ಹಿರಿಯ ಸೊಸೆ ಕೆಳಗೆ ತನಗೂ ಮಗಳಿಗೂ ಮಾಡಿಕೊಳ್ಳುತ್ತಾಳೆ. ಸೀಮಾ ಹೊಸ ಒಲೆ ತರಿಸಿದ್ದಾಳೆ. ಕಿಟಕಿ ತೆರೆದಿಟ್ಟು ತತ್ತಿ ಕುದಿಸುತ್ತಾಳೆ, ಸಿಪ್ಪೆ ಅಂಗಳಕ್ಕೇ ಎಸೆಯುತ್ತಾಳೆ. ಗಂಡನ ರಕ್ತ ಬಿದ್ದ ಜಾಗಕ್ಕೇ ಎಸೆಯುತ್ತಾಳೆ. ಇವಳ ನೀರು ಅವಳು ಮುಟ್ಟುವುದಿಲ್ಲ. ನಿನ್ನೆ ಮೆಟ್ಟಿಲ ಮೇಲೆ ಕೂದಲು ಹಿಡಿದು ಹೊಡೆದಾಡಿದರು.

"ಎರಡು," ಅಂದೆ. "ತಿದ್ದೂದು ಏನಿಲ್ಲವ್ವಾ. ಈಗ ಖರೆ ಐತಿ."

ಬರೆದಳು. ಆಮೇಲೆ ತಲೆ ತಗ್ಗಿಸಿಯೇ ಕೇಳಿದಳು: "ನಿನ್ನ ತಲಿ ಯಾವ ಒಲಿಗೆ ಹಚ್ಚಲಿ, ಆಯಿ?"

ಒಬ್ಬಳದು ಉಂಡರೆ ಇನ್ನೊಬ್ಬಳು ತಾಟು ಗೋಡೆಗೆ ಬಡಿಯುತ್ತಾಳೆ. ಅವಲಕ್ಕಿ ನೀರಲ್ಲಿ ನೆನೆಸಿಕೊಂಡು ದಿನ ತೆಗೆಯುತ್ತಿದ್ದೇನೆ. ಹೇಳಲಿಲ್ಲ ಅವಳಿಗೆ. ಅಲ್ಲಿ ಒಂದು ಖಾನೆ ಖಾಲಿ ಬಿಟ್ಟಿದ್ದಾಳೆ.

ನಿನ್ನ ಒಲೆಯ ಮುಂದೆ ನನ್ನ ತಾಟಿಗೆ ಜಾಗ ಇದೆಯೇ? ಅಮಿತನನ್ನು ಕೇಳು, ಸೊಸೆಯನ್ನೂ ಕೇಳು. ಇಲ್ಲ ಅಂದರೂ ಬರಿ. ಬೇಗ ಬರಿ, ಲಕ್ಕವ್ವ. ಕೆಳಗಿನಿಂದ ಈಗ ಊಟಕ್ಕೆ ಕರೆಯುತ್ತಿದ್ದಾಳೆ. ಮೇಲಿನಿಂದಲೂ —