ಫ್ರಿಜ್ಜಿನ ಸದ್ದು

ವೆಸಾ,

ಬಾಗಿಲು ತೆಗೆದ ಕೂಡಲೇ ಮೂಗು ಮುಚ್ಚಿಕೋ. ಶುಕ್ರವಾರ ನೀನೂ ಇಲ್ಪೊನೂ ಅಡುಗೆಮನೆಯಲ್ಲಿ ಪಾಡ್‌ಕಾಸ್ಟ್‌ಗೆ ಕೂತಾಗ, ಗುಂಯ್ ಸದ್ದು ಮೈಕಿಗೆ ಬೀಳಬಾರದೆಂದು ಫ್ರಿಜ್ಜಿನ ಪ್ಲಗ್ ಕಿತ್ತಿದ್ದೀರಿ. ಹೊರಡುವಾಗ ಪ್ಲಗ್ ಮತ್ತೆ ಹಾಕಲು ಮರೆಯದಿರಲೆಂದು ಎಂದಿನಂತೆ ಕಾರಿನ ಕೀ ಅದರೊಳಗೇ ಇಟ್ಟಿದ್ದೀಯ. ಆಮೇಲೆ ಸೌನಾದಲ್ಲಿ ಹಬೆಸ್ನಾನ ಮಾಡುತ್ತ ವಾರಾಂತ್ಯ ಕಳೆಯಲು ಇಲ್ಪೊನ ಕಾರಿನಲ್ಲಿ ಹೊರಟೇಬಿಟ್ಟಿದ್ದೀಯ. ಜಾಣ!

ಮೀನು, ಬೆಣ್ಣೆ ಹಾಳಾಗಿ ಹೋಗಲಿ. ಕೆಳಗಿನ ಫ್ರೀಜರಿನಲ್ಲಿ ನನ್ನಮ್ಮ ತೀರಿಕೊಳ್ಳುವ ಮುನ್ನ ಕೊನೆಯ ಸಲ ಕಾಡಿಗೆ ಹೋಗಿ ಆರಿಸಿ ತಂದ ಬ್ಲೂಬೆರಿ ಇತ್ತು. ಅವಳ ಹುಟ್ಟುಹಬ್ಬಕ್ಕೆ ಪೈ ಮಾಡೋಣವೆಂದು ಮುಟ್ಟದೆ ಇಟ್ಟಿದ್ದೆ. ನಾನು ಊರಿಂದ ಬಂದು ನೋಡಿದರೆ ಅದು ನೆಲದ ಮೇಲೆ ಹರಿದು ಹುಳಿ ಬಂದಿದೆ. ನಾನು ಒರೆಸಿಲ್ಲ. ನೀನೇ ಒರೆಸು, ಮಂಡಿಯೂರಿ.

ಕಾರು ತೆಗೆದುಕೊಂಡು ತಂಗಿಯ ಮನೆಗೆ ಹೋಗುತ್ತಿದ್ದೇನೆ. ಫೋನ್ ಮಾಡಬೇಡ. ಪಾಡ್‌ಕಾಸ್ಟಿನಲ್ಲಿ ನಿನ್ನ ಮಾತು ಬೇಕಾದಷ್ಟು ಕೇಳಿಯಾಯಿತು. ರಾಜಕೀಯ, ಯುದ್ಧ, ದೇವರು, ಪುಸ್ತಕ ಎಲ್ಲ ಮುಗಿಸಿ ಊಟದ ವಿಷಯಕ್ಕೆ ಬಂದಾಗ ದನಿ ತಗ್ಗಿಸಿ ಹೇಳಿದ್ದೀಯಲ್ಲ, "ನಮ್ಮತ್ತೆ ತಂದ ಬ್ಲೂಬೆರಿ ಇನ್ನೂ ಫ್ರೀಜರ್‌ನಲ್ಲೇ ಇದೆ ಕಣೋ ಇಲ್ಪೊ. ನೆನಪನ್ನ ಕಾಪಾಡೋದು ಅಂದ್ರೆ ಅದೇ!"

ತುಂಬ ಚೊಕ್ಕವಾಗಿ ಕೇಳಿಸುತ್ತದೆ. ಹಿಂದೆ ಒಂದಿಷ್ಟೂ ಸದ್ದಿಲ್ಲ.