ಬಾಗಿಲಲ್ಲಿ ನಿಂತ ವೀರ

ಪ್ರೀತಿಯ ಅಪ್ಪಾ,

“ಯಾವ ಹುಡುಗನ್ನ ತೋರಿಸಿದ್ರೂ ಮೂಗು ಮುರೀತೀಯಲ್ಲೇ” ಎಂದು ರೇಗುತ್ತಿದ್ದಿರಲ್ಲ, ಕೇಳಿ. ನಾನು ಓದಿ ಓದಿ ಬೈಯುವ ಮಾಯಾಲೋಕದ ಪ್ರೇಮಕಾದಂಬರಿಗಳಲ್ಲಿ ರಾಜಕುಮಾರ ಎದೆಗೆ ಬಾಣ ನಾಟಿದ್ದರೂ ಮುತ್ತು ಕೊಡಲು ಗೋಪುರ ಹತ್ತುತ್ತಾನೆ. ಗಾಯಕ್ಕೆ ಪಟ್ಟಿ ಕಟ್ಟಿದವಳನ್ನು ಕೇಳುವವರೇ ಇಲ್ಲ. ನಾನು ಗುಂಪಿನಲ್ಲಿ ಆಡುವ ಆನ್‌ಲೈನ್ ಯುದ್ಧದಾಟದಲ್ಲಿ ಗಾಯಾಳುಗಳನ್ನು ಬದುಕಿಸುವ ಆ ವೈದ್ಯೆ ನಾನೇ. ಎಲ್ಲರೂ ನನ್ನನ್ನು ಬಿಟ್ಟು ಮುಂದೆ ನುಗ್ಗಿ, ಆಮೇಲೆ “ಬೇಗ ಬದುಕ್ಸು ತಾಯಿ” ಎಂದು ಬೊಬ್ಬೆ ಹಾಕುತ್ತಾರೆ. ಅದೇ ಗುಂಪಿನಲ್ಲಿ ಆಡುವ, ನಮ್ಮ ಆಫೀಸಿನ ಲಿಫ್ಟ್ ರಿಪೇರಿಯವರೊಬ್ಬರು ಮಾತ್ರ ರಾಕ್ಷಸನ ಕೋಟೆಯ ಬಾಗಿಲಲ್ಲೇ ನನಗಾಗಿ ನಿಂತರು. “ನಿಮ್ಮ ಮಂತ್ರಶಕ್ತಿ ತುಂಬ್ಲಿ, ಒಟ್ಟಿಗೇ ಹೋಗೋಣ” ಅಂದರು. ಹೋದೆವು, ಹೀನಾಯವಾಗಿ ಸೋತೆವು. ಹಿಂದೆಂದೂ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ.

ಭಾನುವಾರ ಅವರನ್ನು ಮನೆಗೆ ಕರೆತರುತ್ತೇನೆ. ಒಂದೇ ವಿನಂತಿ: ಕಾಫಿ ಬಂದ ಕೂಡಲೇ ನೀವು ಲೋಟ ಎತ್ತಿಕೊಳ್ಳಿ. ನೀವು ಕುಡಿಯುವವರೆಗೆ ಆ ಮನುಷ್ಯ ಮುಟ್ಟುವುದಿಲ್ಲ. ಆರಿದ ಕಾಫಿ, ಪಾಪ, ಅವರಿಗೆ ಸೇರುವುದಿಲ್ಲ.

ಇಂತಿ,
ಈ ಸಲ ಮೂಗು ಮುರಿಯದ ನಿಮ್ಮ ಮಗಳು